ಒಂದು ಸಂಕೇತ ತೋಪಿನ ಗುರುತು

ನಮ್ಮ ಬಳ್ಳಾರಿ ಸೀಮೆಯಲ್ಲಿ ಹಳೆಯ ವಸ್ತುಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಅವುಗಳನ್ನು ಅಳೆದು ತೂಗಿ ನೋಡುವ ಅಭ್ಯಾಸಕ್ಕೆ. ಕಳೆದ ಬೇಸಿಗೆಯ ರಜೆಯಲ್ಲಿ ನನಗಾದ ಒಂದು ಅನುಭವವನ್ನು ಸಹಪಾಠಿಗಳ ಮುಂದೆ ಇಡುವುದಕ್ಕಾಗಿಯೇ ಈ ಕಿರುಲೇಖನ.

ನಾನು ಕುರುಗೋಡಿನವನು. ನಮ್ಮ ತಂದೆಯವರು ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಹಮಾಲರು. ಅವರಿಗೆ ಪರಿಚಿತರಾದ ಹಿರಿಯ ರೈತರೊಬ್ಬರ ಮನೆಯಲ್ಲಿ ಕತ್ತಿ, ಗುರಾಣಿ, ಹಳೆಯ ನಾಣ್ಯಗಳ ನಡುವೆ ಒಂದು ಚಿಕ್ಕ ಕಬ್ಬಿಣದ ತೋಪಿದೆ. ಅದು ಹೈದರಾಲಿಯ ತೋಪೆಂದು ಮನೆಯವರ ನಂಬಿಕೆ. ಅದರ ಮೈಮೇಲಿರುವ 1012 ಎಂಬ ಅಂಕಿಯೇ ಅವರ ಆಧಾರ. ಈ ಸಲದ ಊರ ತೇರಿಗೆ ಅದಕ್ಕೆ ಮದ್ದು ತುಂಬಿ ಹಾರಿಸಬೇಕೆಂದು ಮನೆಯ ಹುಡುಗರು ಹವಣಿಸಿದ್ದರು. "ನಿಮ್ಮ ಮಗ ಚರಿತ್ರೆ ಓದ್ತಾನಲ್ಲ, ಬಂದು ನೋಡ್ಲಿ" ಎಂದು ಯಜಮಾನರು ಕರೆಕಳುಹಿಸಿದರು.

ಹೈದರಾಲಿಗೂ ಬಳ್ಳಾರಿಗೂ ಸಂಬಂಧವಿದ್ದುದು ನಿಜ. ಕೋಟೆಗುಡ್ಡದ ಕೆಳಕೋಟೆಯನ್ನು ಕಟ್ಟಿಸಿದವನು ಅವನೇ. ಎದುರಿನ ಕುಂಬಾರಗುಡ್ಡವು ಕೋಟೆಗಿಂತ ಎತ್ತರವಾಗಿದ್ದುದನ್ನು ಕಂಡು ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂಬ ಐತಿಹ್ಯವನ್ನು ಕೇಳದವರಿಲ್ಲ. ಆದರೆ ಅಂಕಿಯು ಈ ಕಥೆಗೆ ಹೊಂದುವುದಿಲ್ಲ. 1012 ಕ್ರಿಸ್ತಶಕವೆಂದರೆ ಆಗ ನಮ್ಮ ನಾಡಿನಲ್ಲಿ ತೋಪೇ ಇರಲಿಲ್ಲ. ಹಿಜರಿ ಎಂದರೆ ಅದು 1603-04 ಆಗುತ್ತದೆ. ಹೈದರನು ತೀರಿಕೊಂಡದ್ದು 1782ರಲ್ಲಿ.

ಹಾಗಾದರೆ ಅದೇನು? ಬೂದುಗಾಜಿನಲ್ಲಿ ನೋಡಿದಾಗ ಅಂಕಿಗಳ ನಡುವೆ ಅಂತರವಿರುವುದು ಕಂಡಿತು: 1 - 0 - 12. ಇಂಗ್ಲಿಷರು ತಮ್ಮ ತೋಪುಗಳ ಮೇಲೆ ತೂಕವನ್ನು ಹೀಗೆಯೇ ಮೂರು ಭಾಗವಾಗಿ ಕೆತ್ತುತ್ತಿದ್ದರು. ಮೊದಲನೆಯದು ಹಂಡ್ರೆಡ್‌ವೆಯ್ಟ್, ಅಂದರೆ 112 ಪೌಂಡು. ಎರಡನೆಯದು ಕ್ವಾರ್ಟರ್, ಅಂದರೆ 28 ಪೌಂಡು. ಮೂರನೆಯದು ಬಿಡಿ ಪೌಂಡು. ಈ ಲೆಕ್ಕದಂತೆ ನಮ್ಮ ತೋಪು 124 ಪೌಂಡು, ಸುಮಾರು 56 ಕಿಲೋ ತೂಗಬೇಕು.

ನಾನು ಈ ಲೆಕ್ಕವನ್ನು ಬಾಯಿಬಿಟ್ಟು ಹೇಳುವ ಮೊದಲೇ ನಮ್ಮ ತಂದೆಯವರು ತೋಪನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಅರ್ಧ ಕ್ವಿಂಟಲಿಗೆ ಐದಾರು ಕಿಲೋ ಜಾಸ್ತಿ ಐತಿ" ಎಂದರು. ಗಿರಣಿಯ ತಕ್ಕಡಿಯಲ್ಲಿ ಅದು 55.5 ಕಿಲೋ ತೂಗಿತು. ಉಳಿದುದು ತುಕ್ಕಿನಲ್ಲಿ ಹೋಗಿರಬೇಕು. ಅಕ್ಷರ ಬಾರದ ನಮ್ಮ ತಂದೆಯವರು ಅಂದು ನನ್ನ ಪಾಠಕ್ಕೆ ಸಾಕ್ಷಿ ನುಡಿದರು.

ಇನ್ನುಳಿದ ಲಕ್ಷಣಗಳೂ ಇದಕ್ಕೆ ಒಪ್ಪುತ್ತವೆ. ನಾಡಿನ ಹಳೆಯ ಕಬ್ಬಿಣದ ತೋಪುಗಳಲ್ಲಿ ಅನೇಕವು ಪಟ್ಟಿಗಳನ್ನು ಜೋಡಿಸಿ, ಮೇಲೆ ಬಳೆಗಳನ್ನು ಬಿಗಿದು ಕುಲುಮೆಯಲ್ಲಿ ಮಾಡಿದವು. ಇದು ಒಂದೇ ಎರಕದ್ದು. ಉದ್ದ ಮೂರು ಗೇಣು, ಬಾಯಿ 4.5 ಸೆಂಟಿಮೀಟರು. ಇಷ್ಟು ಚಿಕ್ಕ ತೋಪಿನಿಂದ ಕೋಟೆಯ ಗೋಡೆ ಬೀಳದು, ಆದರೆ ಸದ್ದು ದೂರ ಹೋಗುತ್ತದೆ. ಹೊತ್ತು ತಿಳಿಸಲು, ಹಡಗಿನಿಂದ ಸಂಕೇತ ಕೊಡಲು, ಮರ್ಯಾದೆಗಾಗಿ ಕುಶಾಲತೋಪು ಹಾರಿಸಲು ಇಂಥವು ಬಳಕೆಯಲ್ಲಿದ್ದವು. ಮದರಾಸಿನ ಕೋಟೆಯಲ್ಲಿ ರಾತ್ರಿ ಎಂಟಕ್ಕೆ ತೋಪು ಹಾರಿಸಿ ಊರಿಗೆ ಗಂಟೆ ತಿಳಿಸುತ್ತಿದ್ದ ಕಾಲವೊಂದಿತ್ತು. 1800ರಲ್ಲಿ ನಿಜಾಮನಿಂದ ಈ ಸೀಮೆ ಕಂಪನಿಯ ಕೈಸೇರಿ, ಬಳ್ಳಾರಿಯಲ್ಲಿ ದಂಡು ನೆಲೆಸಿತು. ಯಜಮಾನರ ಅಜ್ಜನವರು ಇದನ್ನು ಕೌಲ್ ಬಜಾರಿನ ಗುಜರಿಯಲ್ಲಿ ಕೊಂಡರೆಂಬ ಮಾತೂ ಇದಕ್ಕೆ ಕೂಡಿಬರುತ್ತದೆ.

ಕೊನೆಗೆ ಒಂದು ಬಿದಿರುಕಡ್ಡಿಯನ್ನು ಬಾಯಿಯೊಳಗೆ ಇಳಿಸಿದೆನು. ಬತ್ತಿಯಿಡುವ ರಂಧ್ರದವರೆಗೆ ಹೋಗಬೇಕಾದ ಕಡ್ಡಿ ಅರ್ಧ ಗೇಣು ಮೊದಲೇ ನಿಂತಿತು. ಒಳಗೆ ಏನೋ ಇದೆ. ಹಳೆಯ ಮದ್ದೇ ಇದ್ದರೂ ಇರಬಹುದು. ಹುಡುಗರ ಮುಖ ಬಿಳಿಚಿಕೊಂಡಿತು. ಎರಕದ ಹಳೆಯ ಕಬ್ಬಿಣ ಸಿಡಿದರೆ ಚೂರುಚೂರಾಗಿ ಹಾರುತ್ತದೆ. ಸುತ್ತ ನಿಂತವರು ಉಳಿಯುವುದಿಲ್ಲ. ಬೆಂಕಿಯನ್ನಾಗಲಿ ಸಲಾಕೆಯನ್ನಾಗಲಿ ತಾಗಿಸದೆ, ಬಲ್ಲವರಿಂದ ಬರಿದು ಮಾಡಿಸಬೇಕೆಂದು ಕೈಮುಗಿದು ಹೇಳಿದೆನು.

ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. "ಹೈದರಂದು ಅಲ್ಲ ಅಂದ್ರ ಇದಕ್ಕ ಬೆಲಿ ಏನೈತಿ ತಮ್ಮಾ? ಗುಜರಿಗೆ ಹಾಕೂದ?" ಎಂದು ಕೇಳಿದರು. ನಾನು ವಿಜಾಪುರದ ಮಲಿಕ್-ಎ-ಮೈದಾನ್ ತೋಪಿನ ಸಂಗತಿ ಹೇಳಿದೆನು. 1549ರಲ್ಲಿ ಎರಕಗೊಂಡ, ಸುಮಾರು 55 ಟನ್ ತೂಕದ ಆ ತೋಪನ್ನು 1854ರಲ್ಲಿ ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಅಧಿಕಾರಿಯೊಬ್ಬನು ಮಾರಾಟವನ್ನು ರದ್ದುಗೊಳಿಸಿದ್ದರಿಂದ ಅದು ಇಂದಿಗೂ ನಮ್ಮ ಕಣ್ಣೆದುರಿಗಿದೆ. ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯಿದೆಯ ರಕ್ಷಣೆಯೂ ಉಂಟು.

ಯಜಮಾನರು ಒಪ್ಪಿದರು. ತೇರಿಗೆ ತೋಪು ಹಾರಲಿಲ್ಲ. "ಹೈದರಾಲಿ ತೋಪು" ಎಂಬ ಹಲಗೆಯ ಜಾಗದಲ್ಲಿ ಈಗ "ಸಂಕೇತ ತೋಪು, ಇಂಗ್ಲಿಷ್ ತೂಕದ ಗುರುತಿನದು" ಎಂಬ ಚೀಟಿಯಿದೆ.

ಮಿತ್ರರೇ, ನಿಮ್ಮೂರುಗಳಲ್ಲಿಯೂ ಇಂಥ ವಸ್ತುಗಳಿರಬಹುದು. ಕಂಡರೆ ಉಜ್ಜಿ ತಿಕ್ಕಿ ಹೊಳಪು ಮಾಡಬೇಡಿರಿ, ಗುರುತುಗಳು ಅಳಿಸಿಹೋದಾವು. ಅಳೆಯಿರಿ, ಚಿತ್ರ ಬರೆದುಕೊಳ್ಳಿರಿ, ಅಂಕಿಗಳನ್ನು ಇದ್ದಂತೆಯೇ ಇಳಿಸಿಕೊಳ್ಳಿರಿ. ಜೊತೆಗೆ, ಭಾರ ಹೊತ್ತು ಬಲ್ಲವರ ಮಾತನ್ನೂ ಒಂದಿಷ್ಟು ಕೇಳಿರಿ.