ಸಭೆಯಲ್ಲಿ ವಿಷಯ ಮಂಡನೆ

ಉದ್ಯಮಗಳ ಸಭೆಗಳಲ್ಲಿ ಪರದೆಯ ಮೇಲೆ ಸ್ಲೈಡುಗಳನ್ನು ತೋರಿಸಿ ವಿಷಯ ಮಂಡಿಸುವುದು ಇಂದಿನ ರೂಢಿ. ಮಂಡಿಸುವವನು, ಸಭೆ ಮುಗಿಯುವುದರೊಳಗೆ ಕೇಳುಗರು ಏನನ್ನು ತೀರ್ಮಾನಿಸಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಆ ತೀರ್ಮಾನಕ್ಕೆ ಆಧಾರವಾದ ಅಂಶವೇ ಶೀರ್ಷಿಕೆಯಾಗತಕ್ಕದ್ದು. ಉಳಿದ ವಿವರಗಳು ಅದನ್ನು ಹಿಂಬಾಲಿಸಬೇಕು.

ಈ ಕ್ರಮ ತಪ್ಪಿದುದಕ್ಕೆ ಕೊಲಂಬಿಯಾ ಗಗನನೌಕೆಯ ಪ್ರಸಂಗವು ದಾರುಣ ನಿದರ್ಶನ. 2003ರ ಜನವರಿ 16ರಂದು ನೌಕೆ ಮೇಲೇರಿದ ಸುಮಾರು 82 ಸೆಕೆಂಡುಗಳಲ್ಲಿ ಇಂಧನ ತೊಟ್ಟಿಯ ಹೊರಪದರದಿಂದ ಕಳಚಿದ ಫೋಮಿನ ತುಂಡೊಂದು ಎಡರೆಕ್ಕೆಗೆ ಬಡಿಯಿತು. ನೌಕೆಯು ಕಕ್ಷೆಯಲ್ಲಿದ್ದಾಗಲೇ ಬೋಯಿಂಗ್ ಸಂಸ್ಥೆಯ ಎಂಜಿನಿಯರುಗಳು ನಾಸಾದ ಅಧಿಕಾರಿಗಳಿಗೆ ತಮ್ಮ ಪರಿಶೀಲನೆಯನ್ನು ಮಂಡಿಸಿದರು. ಅದರಲ್ಲಿ ಒಂದು ಸ್ಲೈಡಿನ ಶೀರ್ಷಿಕೆ, ಹಿಂದಿನ ಪರೀಕ್ಷೆಗಳ ಬಲದ ಮೇಲೆ, ಧೈರ್ಯ ತುಂಬುವಂತಿತ್ತು. ಆದರೆ ಆ ಪರೀಕ್ಷೆಗಳ ತುಂಡು 3 ಘನ ಅಂಗುಲದ್ದು. ರೆಕ್ಕೆಗೆ ಬಡಿದುದು ಅಂದಾಜು 1,920 ಘನ ಅಂಗುಲದ್ದು, ಅಂದರೆ 640 ಪಟ್ಟು! ಈ ಮಾತು ಸ್ಲೈಡಿನ ಕಟ್ಟಕಡೆಯ ಸಾಲಿನಲ್ಲಿ ಸಣ್ಣ ಅಕ್ಷರಗಳಲ್ಲಿ ಅಡಗಿತ್ತು. ಬರೆದವರು ಬಲ್ಲವರೇ, ನೋಡಿದವರ ಮನಸ್ಸಿಗೆ ಅದು ನಾಟಲಿಲ್ಲ.

ಫೆಬ್ರವರಿ 1ರಂದು ಭೂಮಿಗೆ ಮರಳುವಾಗ ನೌಕೆಯು ಛಿದ್ರವಾಗಿ, ಕರ್ನಾಲಿನಲ್ಲಿ ಜನಿಸಿದ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಮಡಿದರು. ಆ ಸ್ಲೈಡೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಆದರೂ ತನಿಖಾ ಮಂಡಲಿಯು ಅದೇ ವರ್ಷದ ಆಗಸ್ಟ್ ತಿಂಗಳ ವರದಿಯಲ್ಲಿ, ತಾಂತ್ರಿಕ ಲೇಖನಗಳಿಗೆ ಬದಲಾಗಿ ಇಂತಹ ಸ್ಲೈಡುಗಳನ್ನು ನೆಚ್ಚುವ ಪದ್ಧತಿಯನ್ನು ಆಕ್ಷೇಪಿಸಿತು. 640 ಪಟ್ಟಿನ ಮಾತೇ ಶೀರ್ಷಿಕೆಯಾಗಿ, ರೆಕ್ಕೆಯ ಛಾಯಾಚಿತ್ರ ತೆಗೆಸಬೇಕೇ ಎಂಬ ಪ್ರಶ್ನೆ ಅದರ ಕೆಳಗಿದ್ದಿದ್ದರೆ ಸಭೆಯ ಚರ್ಚೆ ಬೇರೆ ದಾರಿ ಹಿಡಿಯಬಹುದಾಗಿತ್ತು.