ಪಾರ್ಥೇನಿಯಂ: ಹೊಲದ ಬದುವಿನ ಕಳೆ, ಪರೀಕ್ಷೆಯ ಪ್ರಶ್ನೆ

ಪಾರ್ಥೇನಿಯಂ ಹಿಸ್ಟೆರೊಫೋರಸ್. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಕಾಂಗ್ರೆಸ್ ಗಿಡ ಎಂದೇ ಹೆಸರು. ಸೂರ್ಯಕಾಂತಿಯ ಕುಟುಂಬಕ್ಕೆ (ಆಸ್ಟರೇಸಿ) ಸೇರಿದ ಇದರ ಮೂಲ ಉಷ್ಣವಲಯದ ಅಮೆರಿಕ. ಭಾರತದಲ್ಲಿ 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂತು. ಆಮದು ಗೋಧಿಯ ಜತೆ ಬಂದಿತೆಂಬುದು ಪ್ರಚಲಿತ ವಿವರಣೆ.

ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಇದರಲ್ಲಿರುವ ವಿಷಕಾರಿ ರಾಸಾಯನಿಕ ಪಾರ್ಥೇನಿನ್. ಚರ್ಮದ ಉರಿಯೂತಕ್ಕೂ ಸುತ್ತಲ ಬೆಳೆ ಕುಂಠಿತವಾಗುವುದಕ್ಕೂ ಇದೇ ಕಾರಣ.

ಕರ್ನಾಟಕ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆ, 1968ರ ಅಡಿಯಲ್ಲಿ 1975ರಲ್ಲಿ ರಾಜ್ಯವು ಇದನ್ನು ಹಾನಿಕಾರಕ ಕಳೆ ಎಂದು ಘೋಷಿಸಿತು. ಖಾಸಗಿ ಜಮೀನಾದರೂ ಕಳೆ ಕೀಳುವ ಹೊಣೆ ಸಾಗುವಳಿದಾರನದು. ಆದರೆ ಪಕ್ಕದ ಬೀಳುಭೂಮಿಯಿಂದ ಬೀಜ ಹಾರಿ ಬರುವಾಗ ಒಬ್ಬನೇ ಕಿತ್ತು ಏನು ಪ್ರಯೋಜನ? ಕಾನೂನು ಸೋತದ್ದು ಇಲ್ಲೇ.

ಪರೀಕ್ಷಕರಿಗೆ ಪ್ರಿಯವಾದದ್ದು ಜೈವಿಕ ನಿಯಂತ್ರಣ. ಮೆಕ್ಸಿಕೊದಿಂದ 1983ರಲ್ಲಿ ತಂದ ಝೈಗೊಗ್ರಾಮಾ ಬೈಕಲರೇಟಾ ಎಂಬ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮರಿಹುಳು, ಜೀರುಂಡೆ ಎರಡೂ ಎಲೆ ತಿನ್ನುತ್ತವೆ. ಮುಂದೆ ಅದು ಸೂರ್ಯಕಾಂತಿಯ ಎಲೆಯನ್ನೂ ಮೆಲ್ಲುತ್ತದೆಂಬ ದೂರು ಎದ್ದು ವಿವಾದವೇ ಆಯಿತು. ಈ ಜೀರುಂಡೆ ಮಳೆಗಾಲದಲ್ಲಿ ಚುರುಕು, ಒಣಹವೆಯಲ್ಲಿ ನೆಲದೊಳಗೆ ನಿದ್ದೆ. ಹಾಗಾಗಿ ಜೀರುಂಡೆಯೊಂದನ್ನೇ ನಂಬಿ ಕೂರುವಂತಿಲ್ಲ. ಹೂ ಬಿಡುವ ಮುನ್ನ, ಮಣ್ಣು ಹಸಿಯಿದ್ದಾಗ, ಕೈಗವಸು ಹಾಕಿ ಗಿಡವನ್ನು ಬೇರುಸಹಿತ ಕೀಳಬೇಕು.

ಖಾಲಿ ಜಾಗದಲ್ಲಿ ತಗಚೆ ಬಿತ್ತಿದರೆ ಅದು ಪಾರ್ಥೇನಿಯಂ ಜತೆ ಪೈಪೋಟಿಗಿಳಿದು ಹತ್ತಿಕ್ಕುತ್ತದೆ.

ನೆನಪಿಡಿ: ಕಳೆ ಸಂಶೋಧನಾ ನಿರ್ದೇಶನಾಲಯ ಇರುವುದು ಮಧ್ಯಪ್ರದೇಶದ ಜಬಲ್ಪುರದಲ್ಲಿ, ಪಾರ್ಥೇನಿಯಂ ಜಾಗೃತಿ ಸಪ್ತಾಹ ಆಗಸ್ಟ್ 16ರಿಂದ 22.