ಸೆಕೆಗಾಲದಲ್ಲಿ ಗಬ್ಬದ ಹಂದಿ

ಪ್ರಶ್ನೆ: ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಮರಿ ಹಾಕುವ ಹಂದಿಗಳಿಗೆ ಸತ್ತ ಮರಿಗಳು ಹೆಚ್ಚು ಹುಟ್ಟುತ್ತವೆ ಎನ್ನುತ್ತಾರೆ. ಹೊರಗಿನ ಸೆಕೆಗೂ ಹೊಟ್ಟೆಯೊಳಗಿನ ಮರಿಗೂ ಏನು ಸಂಬಂಧ?
– ಓದುಗರೊಬ್ಬರು, ರಾಯಚೂರು ಜಿಲ್ಲೆ

ಉತ್ತರ: ಹೊಟ್ಟೆಯೊಳಗೆ ಬೆಚ್ಚಗಿರುವ ಮರಿಗೆ ಹೊರಗಿನ ಸೆಕೆ ಹೇಗೆ ತಟ್ಟೀತು ಎಂಬ ನಿಮ್ಮ ಸಂದೇಹ ಸಹಜವೇ. ಆದರೆ ತಟ್ಟುತ್ತದೆ, ತಾಯಿಯ ರಕ್ತದ ಮೂಲಕ.

ಬೆವರಿ ಮೈ ತಂಪು ಮಾಡಿಕೊಳ್ಳುವುದು ಹಂದಿಗೆ ಆಗುವುದಿಲ್ಲ. ಉಷ್ಣಾಂಶ ಸುಮಾರು 25 ಡಿಗ್ರಿ ದಾಟಿದರೆ ದೊಡ್ಡ ಹಂದಿಗೆ ಕಷ್ಟ ಶುರುವಾಗುತ್ತದೆ. ಏದುಸಿರು ಬಿಡುತ್ತದೆ, ಮೇವು ಕಡಿಮೆ ಮಾಡುತ್ತದೆ, ಕೆಸರು ಹುಡುಕುತ್ತದೆ. ಬಿಸಿಯನ್ನು ಹೊರಹಾಕಲು ರಕ್ತ ಚರ್ಮದ ಕಡೆ ಹೆಚ್ಚು ಹರಿಯುತ್ತದೆ. ಆ ಮಟ್ಟಿಗೆ ಗರ್ಭಕೋಶಕ್ಕೆ ಹೋಗುವ ರಕ್ತ ಕುಗ್ಗುತ್ತದೆ.

ಹಂದಿ ಗಬ್ಬವಿರುವುದು ಸುಮಾರು 114 ದಿನ. ಮೊದಲ ತಿಂಗಳಲ್ಲಿ ಸೆಕೆ ಹೆಚ್ಚಾದರೆ ಕೆಲವು ಭ್ರೂಣಗಳು ಕರಗಿಹೋಗುತ್ತವೆ. ಒಮ್ಮೊಮ್ಮೆ ಗಬ್ಬವೇ ನಿಲ್ಲದೆ ಹಂದಿ ಮತ್ತೆ ಬೆದೆಗೆ ಬರುತ್ತದೆ. ನೀವು ಹೇಳಿದ ಸತ್ತ ಮರಿಗಳ ವಿಷಯ ಕೊನೆಯ ವಾರಗಳದ್ದು. ಆಗ ಮರಿಗಳು ಬೇಗ ಬೇಗ ಬೆಳೆಯುತ್ತಿರುತ್ತವೆ, ಬೇಕಾದಷ್ಟು ರಕ್ತ ಸಿಗದಿದ್ದರೆ ತೂಕ ಕಡಿಮೆಯಾಗುತ್ತದೆ. ಸೆಕೆಯಿಂದ ಸೋತ ತಾಯಿಗೆ ಹೆರಿಗೆ ಬಹಳ ಹೊತ್ತು ಎಳೆಯುತ್ತದೆ. ಕೊನೆಗೆ ಹುಟ್ಟಬೇಕಾದ ಮರಿಗಳು ಆಮ್ಲಜನಕ ಸಾಲದೆ ಒಳಗೇ ಸಾಯುತ್ತವೆ. ಬದುಕಿದವುಗಳಿಗೂ ಅದರ ಗುರುತು ಉಳಿಯುತ್ತದೆ: ಗರ್ಭದಲ್ಲಿ ಸೆಕೆ ಕಂಡ ಮರಿಗಳು ಬೆಳೆದ ಮೇಲೆ ಮಾಂಸಕ್ಕಿಂತ ಕೊಬ್ಬನ್ನು ಹೆಚ್ಚು ಕೂಡಿಸಿಕೊಳ್ಳುತ್ತವೆ ಎಂದು ಅಮೆರಿಕದ ಸಂಶೋಧಕರು ಕಂಡುಕೊಂಡಿದ್ದಾರೆ.

ಇಲ್ಲಿ ಒಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ. ತಾಯಿಗೆ ಸೆಕೆ ಆಗದು ಎಂದಮೇಲೆ ಮರಿಗೂ ತಂಪು ಬೇಕು ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಹುಟ್ಟಿದ ಮರಿಯ ಮೈಯಲ್ಲಿ ಕೊಬ್ಬು ತೀರಾ ಕಡಿಮೆ, ಕೂದಲೂ ವಿರಳ. ಅದಕ್ಕೆ 32ರಿಂದ 35 ಡಿಗ್ರಿ ಬಿಸಿ ಬೇಕು. ತಾಯಿಗೆ ಹಿತವಾದದ್ದು 20ರ ಆಸುಪಾಸು. ಒಂದೇ ಗೂಡಿನಲ್ಲಿ ಎರಡು ಹವೆ ಬೇಕು, ಕಷ್ಟ ಇರುವುದೇ ಇಲ್ಲಿ. ಮರಿಗಳಿಗೆ ಒಂದು ಮೂಲೆಯಲ್ಲಿ ಒಣ ಹುಲ್ಲು ಹಾಸಿ, ತಂಪಾದ ರಾತ್ರಿಗಳಲ್ಲಿ ಮೇಲೊಂದು ಬಲ್ಬು ಇಳಿಬಿಡಿ. ತಾಯಿಯ ಕುತ್ತಿಗೆ, ಭುಜದ ಮೇಲೆ ಮಾತ್ರ ನೀರು ಹನಿಸಿ; ಮರಿಗಳ ಮೂಲೆ ಒದ್ದೆಯಾಗಬಾರದು.

ಮೇವನ್ನು ಬೆಳಗಿನ ಜಾವ ಮತ್ತು ಹೊತ್ತು ಮುಳುಗಿದ ಮೇಲೆ ಕೊಡಿ. ತಾಯಿ ತಿನ್ನದಿದ್ದರೆ ಹಾಲು ಬತ್ತುತ್ತದೆ. ಹಾಲೂಡುವ ಹಂದಿ ದಿನಕ್ಕೆ 20 ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ, ತೊಟ್ಟಿ ಬರಿದಾಗದಂತೆ ನೋಡಿಕೊಳ್ಳಿ. ಇಷ್ಟು ಮಾಡಿದ ಮೇಲೂ ಸತ್ತ ಮರಿಗಳು ಹುಟ್ಟುತ್ತಿದ್ದರೆ ಕಾರಣ ಸೋಂಕೂ ಇರಬಹುದು. ತಡಮಾಡದೆ ಪಶುವೈದ್ಯರಿಗೆ ತೋರಿಸಿ.